ಆಪರೇಷನ್ ಹೇಗಾಯ್ತು ಅಂತ ಕೇಳಿದವರಿಗೆ

ಊರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ತಮ್ಮನ ಆಪರೇಷನ್ ಹೇಗಾಯ್ತು?" ಮೊದಮೊದಲು ಕೂತು ವಿವರಿಸುತ್ತಿದ್ದೆ. ಆಮೇಲೆ ಸಾಕಾಗಿ "ಚೆನ್ನಾಗಾಯ್ತು" ಅಂದು ಮುಂದೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಆಪರೇಷನ್ ಆಗೇ ಇಲ್ಲ. ಯಾರ ಮೈಮೇಲೂ ಚಾಕು ಇಟ್ಟಿಲ್ಲ. ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್, ಅಂದರೆ ರಕ್ತ ಹುಟ್ಟಿಸುವ ಮೂಳೆಮಜ್ಜೆಯ ಕಸಿ, ಅನ್ನುವ ಆ ದೊಡ್ಡ ದಿನ ಅವನ ಹಾಸಿಗೆ ಪಕ್ಕದ ಸ್ಟ್ಯಾಂಡಿಗೆ ಒಂದು ಚೀಲ ನೇತುಹಾಕಿದರು. ಎರಡು ಗಂಟೆಯಲ್ಲಿ ಅದು ಖಾಲಿಯಾಯಿತು. ಅದಕ್ಕೆ ಮುಂಚೆ ಐದು ತಿಂಗಳು, ಅದಾದ ಮೇಲೆ ನೂರು ದಿನ ನಾವು ಪಟ್ಟಿದ್ದನ್ನು ಬರೆಯೋಣ ಅನ್ನಿಸಿತು. ಹೋದ ವಾರ ಪರಿಚಯದ ಹುಡುಗಿಯೊಬ್ಬಳು ಅಪ್ಪನ ರಿಪೋರ್ಟ್ ಹಿಡಿದುಕೊಂಡು ಫೋನ್ ಮಾಡಿ ಒಂದೂವರೆ ಗಂಟೆ ಮಾತಾಡಿದಳು. ಅವಳಿಗೆ ಹೇಳಿದ್ದು, ಹೇಳಲು ಮರೆತದ್ದು ಎರಡೂ ಇಲ್ಲಿವೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ವೈದ್ಯಕೀಯ ನನಗೆ ಗೊತ್ತಿಲ್ಲ. ಅವರವರ ಡಾಕ್ಟರು ಹೇಳಿದ್ದೇ ಅವರವರಿಗೆ ಸರಿ.

2024ರ ಆಗಸ್ಟ್. ಸಾಗರದಲ್ಲಿ ಮಳೆ ಬಿಟ್ಟಿರಲಿಲ್ಲ. ತಮ್ಮನಿಗೆ 34 ವರ್ಷ, ಮನೆಯ ಅಡಿಕೆ ತೋಟ ನೋಡಿಕೊಳ್ಳುತ್ತಾನೆ. ಜ್ವರ ಬಂದು ಬಂದು ಹೋಗುತ್ತಿತ್ತು. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ತೊಡೆಯ ಮೇಲೆ ನೀಲಿ ಕಲೆಗಳು. ಕೊಳೆ ಔಷಧಿ ಹೊಡೆಸುವಾಗ ಪೈಪು ಎಳೆದಾಡಿ ತಾಗಿರಬೇಕು ಅಂದ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 14,000. ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಬಿದ್ದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಡೆಂಗಿ. ಪಪ್ಪಾಯ ಎಲೆ ರಸ ಕುಡಿಸಿದ್ದೂ ಆಯಿತು.

ನಮ್ಮ ಹಳೇ ಡಾಕ್ಟರು ಮಾತ್ರ ರಿಪೋರ್ಟನ್ನು ಕನ್ನಡಕದ ಹತ್ತಿರ ಹಿಡಿದು ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. ಬಿಳಿ ರಕ್ತಕಣ 68,000. "ಡೆಂಗಿಯಲ್ಲಿ ಇದು ಕೆಳಗೆ ಹೋಗ್ಬೇಕು, ಮೇಲೆ ಹೋಗಲ್ಲ" ಅಂದರು. ಅವತ್ತು ಸಂಜೆಯೇ ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ನೋಡಿಸಿದರು. ರಾತ್ರಿ ಎಂಟಕ್ಕೆ ಫೋನ್ ಬಂತು. "ಇವತ್ತೇ ಬೆಂಗಳೂರಿಗೆ ಹೊರಡಿ. ನಾಳೆ ಅನ್ನಬೇಡಿ."

ಹೊರಡುವ ಮುಂಚೆ ನಾನೇ ರಕ್ತ ಕೊಡ್ತೀನಿ ಅಂತ ನಿಂತಿದ್ದೆ. ಅವರು ಬಿಡಲಿಲ್ಲ. "ಒಡಹುಟ್ಟಿದವರು ಈಗ ಕೊಡೋದು ಬೇಡ, ಮುಂದೆ ಬೇಕಾಗಬಹುದು" ಅಂದರು. ಅರ್ಥವಾಗಿರಲಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ: ಮುಂದೆ ಟ್ರಾನ್ಸ್‌ಪ್ಲಾಂಟ್ ಆಗುವ ಸಾಧ್ಯತೆ ಇದ್ದರೆ ರಕ್ತ ಸಂಬಂಧಿಗಳು ರೋಗಿಗೆ ರಕ್ತ, ಪ್ಲೇಟ್‌ಲೆಟ್ ಕೊಡಬಾರದು. ಕೊಟ್ಟರೆ ರೋಗಿಯ ದೇಹ ಅವರ ಕಣಗಳನ್ನು ಶತ್ರು ಅಂತ ಮೊದಲೇ ಗುರುತು ಹಾಕಿಕೊಂಡು ಬಿಡಬಹುದು.

ಬೆಂಗಳೂರಿನಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆಯ ಸ್ಯಾಂಪಲ್ ತೆಗೆದರು. ಮೂರನೇ ದಿನ ಹೆಸರು ಸಿಕ್ಕಿತು, ಅಕ್ಯೂಟ್ ಮಯಲಾಯ್ಡ್ ಲ್ಯುಕೇಮಿಯಾ. ರಕ್ತದ ಕ್ಯಾನ್ಸರಿನ ಒಂದು ಜಾತಿ, ಎಎಂಎಲ್ ಅನ್ನುತ್ತಾರೆ. ಜೊತೆಗೆ ಎಫ್‌ಎಲ್‌ಟಿ3 ಅನ್ನುವ ಜೀನಿನಲ್ಲಿ ಒಂದು ಬದಲಾವಣೆ ಇದೆ, ಕೀಮೋದಿಂದ ಹೋದರೂ ಮರಳಿ ಬರುವ ಜಾತಿ ಇದು ಅಂದರು. ಮೊದಲ ಕೀಮೋಗೆ ಅಡ್ಮಿಟ್ ಆದವನು ಹೊರಬಂದದ್ದು 33ನೇ ದಿನ. ಮಧ್ಯೆ ಶ್ವಾಸಕೋಶಕ್ಕೆ ಫಂಗಸ್ ಸೋಂಕು ಬಂದು ಹತ್ತು ದಿನ ನಾವು ಯಾರೂ ಸರಿಯಾಗಿ ಉಸಿರಾಡಲಿಲ್ಲ. ಆ ಭಾಗವನ್ನು ಜಾಸ್ತಿ ಬರೆಯಲು ಮನಸ್ಸಿಲ್ಲ.

ಒಂದು ವಿಷಯ ಮಾತ್ರ ಹೇಳಿಬಿಡುತ್ತೇನೆ, ನಾಚಿಕೆ ಬಿಟ್ಟು. ಮುಂದೆ ಮಕ್ಕಳು ಬೇಕು ಅನ್ನುವ ವಯಸ್ಸಿನವರಾದರೆ ಮೊದಲ ಕೀಮೋಗೂ ಮುಂಚೆ ವೀರ್ಯ ಅಥವಾ ಅಂಡಾಣು ತೆಗೆದಿಡುವ ಬಗ್ಗೆ ಡಾಕ್ಟರನ್ನು ಕೇಳಿ. ಗಾಬರಿಯಲ್ಲಿ ಯಾರಿಗೂ ಇದು ನೆನಪಾಗುವುದಿಲ್ಲ. ತಮ್ಮನಿಗೆ ನಾಲ್ಕು ವರ್ಷದ ಮಗಳಿದ್ದಾಳೆ, ಹಾಗಾಗಿ ನಮಗೆ ಅದು ದೊಡ್ಡ ಮಾತಾಗಲಿಲ್ಲ. ಪಕ್ಕದ ಬೆಡ್‌ನಲ್ಲಿ ಮದುವೆ ಗೊತ್ತಾಗಿದ್ದ ಹುಡುಗನಿದ್ದ.

ಸೆಪ್ಟೆಂಬರ್ ಕೊನೆಗೆ ರೋಗ ಹತೋಟಿಗೆ ಬಂದಿದೆ ಅಂತ ರಿಪೋರ್ಟ್ ಬಂತು. ಸಿಹಿ ಹಂಚಬೇಕು ಅಂದುಕೊಳ್ಳುವಷ್ಟರಲ್ಲಿ ದೊಡ್ಡ ಡಾಕ್ಟರು ಕರೆಸಿದರು. ಅರವತ್ತು ದಾಟಿದವರು. ವೆಲ್ಲೂರಿನಲ್ಲಿ ಕಲಿತವರು. ಮೂವತ್ತು ವರ್ಷದಿಂದ ಇದೇ ಕೆಲಸ, ರಕ್ತದ ಕ್ಯಾನ್ಸರ್, ಮಜ್ಜೆ ಕಸಿ. ಅವರ ಮೇಜಿನ ಮೇಲೆ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಉದ್ದನೆಯ ಲೆಡ್ಜರ್ ಇತ್ತು, ಸೊಸೈಟಿಯಲ್ಲಿ ಅಡಿಕೆ ಲೆಕ್ಕ ಬರೆಯುತ್ತಾರಲ್ಲ ಅಂಥದ್ದು. ಮೊದಲ ದಿನದಿಂದ ಮಾಡಿದ ಪ್ರತಿ ಟ್ರಾನ್ಸ್‌ಪ್ಲಾಂಟಿಗೂ ಅದರಲ್ಲಿ ಒಂದು ಸಾಲಂತೆ. ನಾನು ಕೂತಲ್ಲಿಂದ ಹೆಸರು ಓದಲು ಆಗುತ್ತಿರಲಿಲ್ಲ. ಕೆಲವು ಸಾಲುಗಳ ಕೊನೆಯಲ್ಲಿ ಕೆಂಪು ಚುಕ್ಕೆ ಇದ್ದದ್ದು ಕಾಣುತ್ತಿತ್ತು. ಅಭ್ಯಾಸ ನೋಡಿ, ಎಣಿಸಿಬಿಟ್ಟೆ. ಪುಟದಲ್ಲಿ 24 ಸಾಲು, ಒಂಬತ್ತು ಚುಕ್ಕೆ.

ಅವರು ನನ್ನ ಕಣ್ಣು ಓಡುತ್ತಿದ್ದುದನ್ನು ನೋಡಿದರು. "ಎಣಿಸಿದ್ರಾ?"

"ಒಂಬತ್ತು ಸರ್."

"ಹಳೇ ಪುಟಗಳಲ್ಲಿ ಇನ್ನೂ ಜಾಸ್ತಿ ಇದೆ" ಅಂದರು. ಲೆಡ್ಜರ್ ಮುಚ್ಚಲಿಲ್ಲ. ನಿಮ್ಮ ತಮ್ಮನಂಥ ಕೇಸಿನಲ್ಲಿ ಟ್ರಾನ್ಸ್‌ಪ್ಲಾಂಟ್ ಮಾಡಿದರೆ ನೂರರಲ್ಲಿ ಅರವತ್ತರ ಆಸುಪಾಸು ಜನ ಉಳೀತಾರೆ, ಬರೀ ಕೀಮೋ ಕೊಟ್ಟು ಬಿಟ್ಟರೆ ಅದರ ಅರ್ಧವೂ ಇರಲಾರದು ಅಂದರು. ಸುಮ್ನೆ ಧೈರ್ಯ ಹೇಳುವವರಿಗಿಂತ ಈ ಮನುಷ್ಯ ಪರವಾಗಿಲ್ಲ ಅನ್ನಿಸಿತು.

ಈಗ ಮ್ಯಾಚಿಂಗ್ ವಿಷಯ. ದಾನಿ, ರೋಗಿ ಇಬ್ಬರ ಕಣಗಳ ಮೇಲಿರುವ ಎಚ್‌ಎಲ್‌ಎ ಅನ್ನುವ ಗುರುತು ಹೊಂದಬೇಕು. ಇದಕ್ಕೂ ರಕ್ತದ ಗುಂಪಿಗೂ ಸಂಬಂಧವಿಲ್ಲ. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುತ್ತೆ, ಹಾಗಾಗಿ ಒಬ್ಬ ಒಡಹುಟ್ಟಿದವರು ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ನಾವು ಅವನಿಗೆ ಇಬ್ಬರು, ಅಣ್ಣ ಮತ್ತು ನಾನು. ಇಬ್ಬರಲ್ಲಿ ಒಬ್ಬರಾದರೂ ಹೊಂದುವ ಸಂಭವ ನೂರಕ್ಕೆ 44. ಹತ್ತನೇ ಕ್ಲಾಸಿಗೆ ಸಂಭವನೀಯತೆ ಪಾಠ ಮಾಡುವಾಗ ದಾಳ, ನಾಣ್ಯ ಅಂತೆಲ್ಲ ಉದಾಹರಣೆ ಕೊಡುತ್ತೇನೆ. ಆ ಹತ್ತು ದಿನ ರಿಪೋರ್ಟಿಗೆ ಕಾಯುತ್ತ ಆ ಲೆಕ್ಕ ತಲೆಯೊಳಗೇ ತಿರುಗುತ್ತಿತ್ತು. ಪರೀಕ್ಷೆಗೆ ಒಬ್ಬರಿಗೆ 9,000ದಂತೆ ತಮ್ಮನೂ ಸೇರಿ ಮೂವರಿಗೆ 27,000 ಆಯಿತು.

ಯಾರೂ ಹೊಂದದಿದ್ದರೂ ದಾರಿ ಮುಚ್ಚುವುದಿಲ್ಲ. ಹೊರಗಿನ ದಾನಿಗಳನ್ನು ಹುಡುಕಲು ದಾತ್ರಿ, ಡಿಕೆಎಂಎಸ್ ಮುಂತಾದ ನೋಂದಣಿ ಸಂಸ್ಥೆಗಳಿವೆ. ಅರ್ಧ ಹೊಂದಿಕೆಯ ಟ್ರಾನ್ಸ್‌ಪ್ಲಾಂಟನ್ನೂ ಈಗ ಮಾಡುತ್ತಾರೆ, ಅಪ್ಪ ಅಮ್ಮ ಮಕ್ಕಳು ಅರ್ಧವಂತೂ ಹೊಂದೇ ಹೊಂದುತ್ತಾರೆ. ಖರ್ಚು ಮತ್ತು ಅಪಾಯ ಸ್ವಲ್ಪ ಮೇಲೆ.

ಅಣ್ಣನದು ಹೊಂದಲಿಲ್ಲ. ನನ್ನದು ಹತ್ತಕ್ಕೆ ಹತ್ತು.

ಖುಷಿಪಡುವಷ್ಟರಲ್ಲಿ ಮೂರು ಅಡ್ಡಿ. ಮೊದಲನೆಯದು ನನ್ನ ಹಿಮೋಗ್ಲೋಬಿನ್, 10.2. ಊರಿಗೆಲ್ಲ ಓಡಾಡುವ ನನಗೇ ರಕ್ತ ಕಡಿಮೆ ಅಂತ ಆಗ ಗೊತ್ತಾಯಿತು. ಕಬ್ಬಿಣಾಂಶದ ಇಂಜೆಕ್ಷನ್ ಹಾಕಿಸಿಕೊಂಡು ಐದು ವಾರ ಕಾದೆವು. ಅಷ್ಟರಲ್ಲಿ ಅವನಿಗೆ ಇನ್ನೆರಡು ಸುತ್ತು ಕೀಮೋ ಆಯಿತು. ದಾನಿಯಾಗುವ ಸಾಧ್ಯತೆ ಇರುವವರು ಮೊದಲ ದಿನವೇ ತಮ್ಮ ರಕ್ತವನ್ನೂ ನೋಡಿಸಿಕೊಳ್ಳಿ.

ಎರಡನೆಯದು ನಮ್ಮ ಮನೆ. ನನ್ನ ಗಂಡ ಏನೂ ಅನ್ನಲಿಲ್ಲ. ಅವರ ಸುಮ್ಮನಿರುವಿಕೆಯೇ ಹೇಳುತ್ತಿತ್ತು. ಅತ್ತೆಯವರು ಬಾಯಿಬಿಟ್ಟೇ ಹೇಳಿದರು. "ಬೆನ್ನು ಮೂಳೆ ತೆಗೀತಾರಂತೆ. ಎರಡು ಮಕ್ಕಳ ತಾಯಿ. ನಾಳೆ ಮಲಗಿದಲ್ಲೇ ಆದ್ರೆ?" ಅವರನ್ನು ಬೈಯುವುದು ಸುಲಭ. ಅವರಿಗೆ ಹೆದರಿಕೆ ಇತ್ತು, ಅಷ್ಟೇ. ಡಾಕ್ಟರಿಗೆ ಹೇಳಿದೆ. "ಕರ್ಕೊಂಡು ಬನ್ನಿ" ಅಂದರು. ತಾಳಗುಪ್ಪ ರೈಲಿನಲ್ಲಿ ಅತ್ತೆ ರಾತ್ರಿಯೆಲ್ಲ ಕೂತೇ ಬಂದರು.

ಡಾಕ್ಟರು ಪ್ರಿಸ್ಕ್ರಿಪ್ಷನ್ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಚಿತ್ರ ಬರೆದರು. "ಅಮ್ಮ, ನಿಮ್ಮದು ಗದ್ದೆ ಇದ್ಯಾ?" "ಇದೆ." "ಹಾಗಾದ್ರೆ ನಿಮಗೆ ಬೇಗ ಗೊತ್ತಾಗುತ್ತೆ. ಅವನ ಗದ್ದೆ ತುಂಬ ಕಳೆ. ಕಿತ್ತರೂ ಬೇರು ಉಳಿಯುತ್ತೆ. ಅದಕ್ಕೇ ಔಷಧಿ ಹೊಡೆದು ಗದ್ದೆನೇ ಬೋಳು ಮಾಡ್ತೀವಿ. ಆಮೇಲೆ ನಿಮ್ಮ ಸೊಸೆಯ ಅಗೆ ತಂದು ನಾಟಿ." ಅತ್ತೆ ಸ್ವಲ್ಪ ಹೊತ್ತು ಚಿತ್ರ ನೋಡಿದರು. "ಅಗೆ ಕಿತ್ತ ಮೇಲೆ ಇವಳ ಸಸಿ ಮಡಿ ಖಾಲಿ ಆಗಲ್ವಾ?" ಡಾಕ್ಟರು ನಕ್ಕರು. "ಈ ಮಡಿ ಬೇರೆ ಥರ. ಕೆಲವೇ ವಾರದಲ್ಲಿ ತಾನೇ ತುಂಬಿಕೊಳ್ಳುತ್ತೆ. ಮೂಳೆ ಮುಟ್ಟೋದೂ ಇಲ್ಲ, ಕೈಯಿಂದ ರಕ್ತ ತೆಗೆದು ಸೋಸಿ ವಾಪಸ್ ಕೊಡ್ತೀವಿ." ಇಪ್ಪತ್ತು ನಿಮಿಷ ಕೊಟ್ಟರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಆ ಹಾಳೆಯನ್ನು ಅತ್ತೆ ಮಡಚಿ ಎಲೆ ಅಡಿಕೆ ಸಂಚಿಯಲ್ಲಿ ಇಟ್ಟುಕೊಂಡರು.

ಇದರ ಜೊತೆಗೆ ನನಗೆ ಒಂದು ವಿಷಯ ಬೇರೆಯಾಗಿ ಹೇಳಿದರು. ಮಕ್ಕಳನ್ನು ಹೆತ್ತ ಹೆಂಗಸಿನ ಮಜ್ಜೆಯ ಕಣಗಳನ್ನು ಗಂಡಸಿಗೆ ಕೊಟ್ಟಾಗ, ಹೊಸ ಕಣಗಳು ರೋಗಿಯ ಮೈಮೇಲೆ ಜಗಳಕ್ಕೆ ಹೋಗುವ ಸಂಭವ ಸ್ವಲ್ಪ ಜಾಸ್ತಿಯಂತೆ. "ಬೇರೆ ಮ್ಯಾಚ್ ಇಲ್ಲ, ನೀವೇ ಬೆಸ್ಟ್. ಆದ್ರೂ ಗೊತ್ತಿರಲಿ."

ಮೂರನೆಯ ಅಡ್ಡಿ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ದಾನಿ ಮತ್ತು ರೋಗಿ ಒಡಹುಟ್ಟಿದವರು ಅನ್ನುವುದಕ್ಕೆ ದಾಖಲೆ ಕೇಳಿದರು. ನನ್ನ ಆಧಾರ್‌ನಲ್ಲಿ ಗಂಡನ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಸ್ಪೆಲ್ಲಿಂಗ್ ಬೇರೆ. ವಂಶವೃಕ್ಷ ತನ್ನಿ ಅಂದರು. ಅಪ್ಪ ತೀರಿಕೊಂಡಾಗ, ಜಮೀನನ್ನು ವಾರಸುದಾರರ ಹೆಸರಿಗೆ ತರುವ ಪೌತಿ ಖಾತೆ ಮಾಡಿಸಲು 2016ರಲ್ಲಿ ಅಣ್ಣ ತೆಗೆಸಿದ್ದ ವಂಶವೃಕ್ಷ ಇತ್ತು. ವಾಟ್ಸಾಪಿನಲ್ಲಿ ಕಳಿಸಿದ. ಅಪ್ಪ, ಅಮ್ಮ, ಕೆಳಗೆ ಎರಡು ಗೆರೆ, ಎರಡು ಗಂಡು ಮಕ್ಕಳು. ನಾನು ಇರಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅದನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ಕೌಂಟರಿನ ಹುಡುಗಿ ಪಾಪ ಕೇಳಿದಳು, "ಮೇಡಂ, ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ?"

ಅಣ್ಣನಿಗೆ ಫೋನ್ ಮಾಡಿದೆ. ಬೈಯಲಿಲ್ಲ. "ಹೊಸದು ಬೇಕಂತೆ, ಮೂರು ಗೆರೆ ಇರೋದು" ಅಂದೆ. ಅವನು "ಹೂಂ" ಅಂದ. ಮಾರನೇ ದಿನ ನಾಡಕಚೇರಿ ತೆರೆಯುವ ಮುಂಚೆ ಬಾಗಿಲಲ್ಲಿದ್ದನಂತೆ. ನೋಟರಿ ಅಫಿಡವಿಟ್, ಅಪ್ಪನ ಮರಣ ಪ್ರಮಾಣಪತ್ರ, ಎಲ್ಲರ ಆಧಾರ್, ಹಳೇ ರೇಷನ್ ಕಾರ್ಡು. ಊರವರ ಹೇಳಿಕೆ ಬರೆಸಿಕೊಳ್ಳಲು ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದರು. 2016ರದ್ದಕ್ಕೂ ಇದಕ್ಕೂ ಯಾಕೆ ವ್ಯತ್ಯಾಸ ಅಂತ ಕೇಳಿದರಂತೆ. ಅಣ್ಣ ಏನು ಹೇಳಿದನೋ, ಇವತ್ತಿಗೂ ಕೇಳಿಲ್ಲ. ಹನ್ನೊಂದನೇ ದಿನ ಕೈಗೆ ಸಿಕ್ಕಿತು, ಬಸ್ಸಿನಲ್ಲಿ ತಾನೇ ತಂದುಕೊಟ್ಟ. ಕೊಡುವಾಗ ನನ್ನ ಮುಖ ನೋಡಲಿಲ್ಲ. ನಿಮ್ಮ ಮನೆಯ ದಾಖಲೆಗಳನ್ನು ಇವತ್ತೇ ಒಮ್ಮೆ ತೆಗೆದು ನೋಡಿ ಅಂತ ಮಾತ್ರ ಹೇಳುತ್ತೇನೆ.

ದುಡ್ಡಿನ ಲೆಕ್ಕ. ಆಸ್ಪತ್ರೆ ಕೊಟ್ಟ ಎಸ್ಟಿಮೇಟ್ 18 ಲಕ್ಷ. ಕೊನೆಯ ಬಿಲ್ಲು 22 ಲಕ್ಷ 70 ಸಾವಿರ. ಅದಕ್ಕೂ ಮುಂಚಿನ ಕೀಮೋಗಳಿಗೆ 11 ಲಕ್ಷ ಆಗಿತ್ತು, ಆಮೇಲಿನ ನೂರು ದಿನಕ್ಕೆ ಸುಮಾರು ಐದೂವರೆ. ಎಸ್ಟಿಮೇಟಿನ ಮೇಲೆ ಕಾಲು ಭಾಗ ಸೇರಿಸಿಯೇ ಹೊಂದಿಸಿಕೊಳ್ಳಿ. ಇನ್ಶೂರೆನ್ಸ್ 5 ಲಕ್ಷದ್ದಿತ್ತು. ಕಂಪನಿಯವರು ಮೂರು ಸಲ ಪ್ರಶ್ನೆ ಹಾಕಿ ಫೈಲು ತಿರುಗಿಸಿದರು. ದಾನಿಯ ಪರೀಕ್ಷೆಗಳ ಖರ್ಚು ನಮ್ಮದಲ್ಲ ಅಂದರು. ಪಾಲಿಸಿಯಲ್ಲಿ ದಾನಿಯ ಖರ್ಚಿನ ಬಗ್ಗೆ ಏನು ಬರೆದಿದೆ ಅಂತ ಮೊದಲೇ ಓದಿ, ಗೊತ್ತಾಗದಿದ್ದರೆ ಮೇಲ್ ಮಾಡಿ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಸಂಸದರ ಕಚೇರಿಯ ಪತ್ರದೊಂದಿಗೆ ಅರ್ಜಿ ಹಾಕಿದೆವು, 3 ಲಕ್ಷ ಮಂಜೂರಾಯಿತು. ಹಣ ನಮ್ಮ ಕೈಗೆ ಬರುವುದಿಲ್ಲ, ಆಸ್ಪತ್ರೆಗೇ ಹೋಗುತ್ತೆ. ಹಾಗಾಗಿ ಬಿಲ್ಲು ಕಟ್ಟಿದ ಮೇಲೆ ಅಲ್ಲ, ಎಸ್ಟಿಮೇಟ್ ಸಿಕ್ಕ ದಿನವೇ ಅರ್ಜಿ ಹಾಕಿ. ಮುಖ್ಯಮಂತ್ರಿಗಳ ಪರಿಹಾರ ನಿಧಿಯಿಂದ 1 ಲಕ್ಷ ಬಂತು. ಬಿಪಿಎಲ್ ಕಾರ್ಡಿದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತೆ ಅಂತ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಬೆಂಗಳೂರಿಗೆ ಬಂದ ಮೇಲೆ ಕಿದ್ವಾಯಿಗೂ ಒಮ್ಮೆ ಹೋಗಿ ಕೇಳಿ. ನಮ್ಮದು ಎಪಿಎಲ್. ಉಳಿದದ್ದು ಆ ವರ್ಷದ ಅಡಿಕೆ, ಸೊಸೈಟಿ ಸಾಲ, ನನ್ನ ಮತ್ತು ತಮ್ಮನ ಹೆಂಡತಿಯ ಬಂಗಾರ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಯಲ್ಲಿ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಲ್ಲಿ ಫಾರಂ ತುಂಬಿಸಿಕೊಳ್ಳಬೇಕು. ನಮಗೆ ಇದು ಗೊತ್ತಾದದ್ದು ನಾಲ್ಕನೇ ಪ್ರಯಾಣದಲ್ಲಿ, ಪಕ್ಕದ ಸೀಟಿನವರಿಂದ.

2025ರ ಜನವರಿ 14, ಸಂಕ್ರಾಂತಿ ದಿನ ತಮ್ಮ ಟ್ರಾನ್ಸ್‌ಪ್ಲಾಂಟ್ ರೂಮಿಗೆ ಹೋದ. ಒಳಗೆ ಒಬ್ಬರಿಗೆ ಮಾತ್ರ ಜಾಗ, ಅವನ ಹೆಂಡತಿ ಹೋದಳು. ಗಾಳಿ ಸೋಸಿ ಬಿಡುವ ರೂಮು. ಒಂದು ಗಾಜಿನ ಕಿಟಕಿ, ಒಂದು ಇಂಟರ್‌ಕಾಮ್. ಅಲ್ಲಿ ದಿನಗಳನ್ನು ಎಣಿಸುವ ರೀತಿಯೇ ಬೇರೆ. ಕಣ ಕೊಡುವ ದಿನ ಸೊನ್ನೆ. ಅದಕ್ಕೆ ಮುಂಚಿನವು ಮೈನಸ್, ಆಮೇಲಿನವು ಪ್ಲಸ್. ನನ್ನ ಸಂಖ್ಯಾರೇಖೆ ಪಾಠವನ್ನು ಯಾರೋ ಗೋಡೆಗೆ ಅಂಟಿಸಿದ ಹಾಗಿತ್ತು. ಮೈನಸ್ ದಿನಗಳಲ್ಲಿ ಬುಸಲ್ಫಾನ್, ಫ್ಲುಡಾರಾಬಿನ್ ಅನ್ನುವ ಕೀಮೋ. ಇವು ಹಳೇ ಮಜ್ಜೆಯನ್ನು ಪೂರ್ತಿ ಅಳಿಸಿಹಾಕುತ್ತವೆ. ಇಲ್ಲಿಂದ ಹಿಂದೆ ಹೋಗಲು ಆಗುವುದಿಲ್ಲ, ನನ್ನ ಕಣ ಹೋಗಲೇಬೇಕು. ಆ ವಾರ ನಾನು ರಸ್ತೆ ದಾಟಲೂ ಹೆದರುತ್ತಿದ್ದೆ.

ನನಗೆ ನಾಲ್ಕು ದಿನ ಬೆಳಿಗ್ಗೆ ಸಂಜೆ ಹೊಟ್ಟೆಗೆ ಇಂಜೆಕ್ಷನ್, ಮಜ್ಜೆಯ ಕಣಗಳು ರಕ್ತಕ್ಕೆ ಇಳಿಯಲಿ ಅಂತ. ಮೂರನೇ ದಿನ ಸೊಂಟ, ಎದೆಮೂಳೆ ಎಲ್ಲ ಒಳಗಿನಿಂದ ಮಿಡಿಯುವಂಥ ನೋವು. ಪ್ಯಾರಾಸಿಟಮಾಲ್‌ಗೆ ತಗ್ಗಿತು. 21ರ ಬೆಳಿಗ್ಗೆ ಎರಡೂ ಕೈಗೆ ಸೂಜಿ ಹಾಕಿ ಯಂತ್ರದ ಪಕ್ಕ ಮಲಗಿಸಿದರು. ಒಂದು ಕೈಯಿಂದ ರಕ್ತ ಹೋಗಿ, ಯಂತ್ರದಲ್ಲಿ ತಿರುಗಿ, ಬೇಕಾದದ್ದನ್ನು ಬಿಟ್ಟು ಇನ್ನೊಂದು ಕೈಗೆ ವಾಪಸ್. ನಾಲ್ಕೂವರೆ ಗಂಟೆ ಕೈ ಮಡಚುವಂತಿಲ್ಲ. ತುಟಿ ಜುಮುಗುಟ್ಟಿತು, ಕ್ಯಾಲ್ಸಿಯಂ ಕೊಟ್ಟರು. ನಿಜವಾದ ಹಿಂಸೆ ಯಾವುದು ಗೊತ್ತಾ? ಮೂಗು ತುರಿಕೆ. ಕೇರಳದ ಸಿಸ್ಟರ್ ಒಬ್ಬರು ಅರ್ಧ ಗಂಟೆಗೊಮ್ಮೆ ಬಂದು "ಚೇಚಿ, ಮೂಗು?" ಅಂತ ಕೇಳಿ ಹತ್ತಿಯಿಂದ ಉಜ್ಜಿ ಹೋಗುತ್ತಿದ್ದರು. ಹೋಗುವ ಮುಂಚೆ ಬಾತ್‌ರೂಮಿಗೆ ಹೋಗಿ ಬನ್ನಿ, ನೀರು ಜಾಸ್ತಿ ಕುಡಿದು ಮಲಗಬೇಡಿ.

ಮಧ್ಯಾಹ್ನ ಚೀಲ ತೋರಿಸಿದರು. ತೆಳ್ಳಗಿನ ಟೊಮೇಟೊ ಸಾರಿನ ಬಣ್ಣ. ಎರಡು ಲೋಟದಷ್ಟೂ ಇಲ್ಲ. ಸಂಜೆ ಎಣಿಕೆ ಬಂತು: ಅವನ ತೂಕದ ಒಂದು ಕೆಜಿಗೆ 52 ಲಕ್ಷ ಕಣ. ಅವನ ತೂಕ 58 ಕೆಜಿ. ಮನಸ್ಸಿನಲ್ಲೇ ಗುಣಿಸಿದೆ, ಮೂವತ್ತು ಕೋಟಿಯ ಮೇಲೆ. ಬೇಕಾದದ್ದಕ್ಕಿಂತ ಜಾಸ್ತಿ ಇದೆ, ನಾಳೆ ಮತ್ತೆ ಬರಬೇಕಿಲ್ಲ ಅಂದರು.

ಕಿಟಕಿಯಿಂದ ನೋಡಿದೆ. ಚೀಲ ನೇತುಹಾಕಿದರು. ಹನಿ ಹನಿ ಇಳಿಯಿತು. ತಮ್ಮ ಅರ್ಧದಲ್ಲೇ ನಿದ್ದೆ ಹೋದ.

ಆ ರಾತ್ರಿ ದೊಡ್ಡ ಡಾಕ್ಟರು ರೌಂಡ್ಸ್ ಮುಗಿಸಿ ಹೊರಗೆ ಬಂದವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಶೂ ಸಡಿಲ ಮಾಡಿಕೊಂಡರು. ಅವರು ಈ ಕೆಲಸಕ್ಕೆ ಬಂದಾಗ ದೇಶದಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಇದು ನಡೆಯುತ್ತಿತ್ತಂತೆ. ಮೊದಲು ಮಾಡಿದ್ದು 1983ರಲ್ಲಿ, ಮುಂಬೈಯ ಟಾಟಾ ಆಸ್ಪತ್ರೆಯಲ್ಲಿ, ಡಾ. ಸುರೇಶ್ ಅಡ್ವಾಣಿಯವರು. ಒಂಬತ್ತು ವರ್ಷದ ಹುಡುಗಿ, ಇದೇ ಎಎಂಎಲ್, ಕೊಟ್ಟದ್ದು ಅವಳ ಅಣ್ಣನೋ ತಮ್ಮನೋ. ಅಡ್ವಾಣಿಯವರು ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಗಾಲಿಕುರ್ಚಿಯಲ್ಲೇ ಓಡಾಡುವವರು. ಅಮೆರಿಕದ ಸಿಯಾಟಲ್‌ಗೆ ಹೋಗಿ, ಈ ಚಿಕಿತ್ಸೆಗೆ ದಾರಿ ಹಾಕಿದ ಡಾನಲ್ ಥಾಮಸ್ ಅವರ ಕೇಂದ್ರದಲ್ಲಿ ಕಲಿತು ಬಂದರು. ಥಾಮಸ್‌ಗೆ 1990ರಲ್ಲಿ ನೊಬೆಲ್ ಬಂತು. ವೆಲ್ಲೂರಿನಲ್ಲಿ 1986ರಲ್ಲಿ ಡಾ. ಮಾಮ್ಮನ್ ಚಾಂಡಿಯವರು ಶುರು ಮಾಡಿದರು. "ನಾವೆಲ್ಲ ಅವರ ಬೆನ್ನ ಹಿಂದೆ ನಿಂತು ನೋಡಿ ಕಲಿತವರು" ಅಂದರು ನಮ್ಮ ಡಾಕ್ಟರು. ಆಮೇಲೆ ಶೂ ಬಿಗಿದುಕೊಂಡು, "ಇನ್ನು ಹದಿನೈದು ದಿನ ಕಿಟಕಿ ಹತ್ರ ಜಾಸ್ತಿ ಹೊತ್ತು ನಿಲ್ಲಬೇಡಿ, ನೋಡೋಕಾಗಲ್ಲ" ಅಂತ ಹೇಳಿ ಎದ್ದುಹೋದರು.

ಅವರು ಹೇಳಿದ್ದು ಸರಿ. ಬಾಯಿಯಿಂದ ಹೊಟ್ಟೆವರೆಗೆ ಹುಣ್ಣು. ಎಂಜಲು ನುಂಗಲಾರ. ನೋವಿಗೆ ಮಾರ್ಫಿನ್. ಬಿಳಿ ಕಣಗಳ ಎಣಿಕೆ ಸೊನ್ನೆಯ ಹತ್ತಿರವೇ ಕೂತಿತ್ತು. ಪ್ಲೇಟ್‌ಲೆಟ್ ಎರಡು ದಿನಕ್ಕೊಮ್ಮೆ ಬೇಕು, ಅದೂ ಒಬ್ಬರೇ ದಾನಿಯಿಂದ ತೆಗೆದದ್ದು. ಎಸ್‌ಡಿಪಿ ಅನ್ನುತ್ತಾರೆ. ಒಂದಕ್ಕೆ 11,000, ವಿಕಿರಣ ಹಾಯಿಸಿಯೇ ಕೊಡಬೇಕು. ನನ್ನ ಹಳೇ ವಿದ್ಯಾರ್ಥಿಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವವರು, ಕೆಲಸಕ್ಕಿರುವವರು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡು ಪಾಳಿ ಹಾಕಿದರು. ಹತ್ತು ಜನ ಬಂದರೆ ಆರು ಜನ ಆಗುತ್ತಿದ್ದರು. ಒಬ್ಬನಿಗೆ ನರ ಸಣ್ಣ, ಇನ್ನೊಬ್ಬ ಹಿಂದಿನ ದಿನ ತಲೆನೋವಿನ ಮಾತ್ರೆ ನುಂಗಿದ್ದ. ಗಣಿತದಲ್ಲಿ ಎರಡು ಸಲ ಫೇಲಾಗಿದ್ದ ಹುಡುಗನೊಬ್ಬ ಎರಡು ಸಲ ಬಂದು ಕೊಟ್ಟ. ನೀವು ಕನಿಷ್ಠ ಹದಿನೈದು ಹೆಸರಿನ ಪಟ್ಟಿ ಮಾಡಿಕೊಂಡೇ ಅಡ್ಮಿಟ್ ಆಗಿ.

ಫೆಬ್ರುವರಿ 4, ಪ್ಲಸ್ 14. ಬಿಳಿ ಕಣಗಳಲ್ಲಿ ಸೋಂಕಿನ ವಿರುದ್ಧ ಹೋರಾಡುವವು 500 ದಾಟಿದವು. ಮೂರು ದಿನ ಹಾಗೇ ನಿಂತರೆ ಕಣ ನೆಟ್ಟಿತು ಅಂತ ಲೆಕ್ಕ. ನಿಂತಿತು. ಅತ್ತೆಗೆ ಫೋನ್ ಮಾಡಿ "ಅಗೆ ಹಿಡೀತು" ಅಂದೆ.

ಡಿಸ್ಚಾರ್ಜ್ ಆದರೂ ಊರಿಗೆ ಹೋಗುವಂತಿಲ್ಲ. ನೂರು ದಿನದವರೆಗೆ ಆಸ್ಪತ್ರೆಯಿಂದ ಅರ್ಧ ಗಂಟೆಯೊಳಗೆ ಇರಬೇಕು. ಹಿಂದಿನ ಗಲ್ಲಿಯಲ್ಲಿ 14,000ಕ್ಕೆ ಒಂದು ಕೋಣೆ ಮತ್ತು ಅಡುಗೆಮನೆ ಹಿಡಿದೆವು. ಎಲ್ಲ ಕುಕ್ಕರಿನಲ್ಲಿ ಬೇಯಬೇಕು, ಬಿಸಿಯಾಗಿಯೇ ತಿನ್ನಬೇಕು. ಮೇಲಿಂದ ಹಾಕುವ ಹಸಿ ಕೊತ್ತಂಬರಿ ಸೊಪ್ಪು ಇಲ್ಲ. ಮೊಸರು ಇಲ್ಲ. ಮೊಸರನ್ನವಿಲ್ಲದೆ ಊಟ ಮುಗಿಯಿತು ಅಂತ ಒಪ್ಪದ ಮನೆ ನಮ್ಮದು. ಅವನು ಕೊನೆಯ ತುತ್ತು ಅನ್ನವನ್ನು ತಟ್ಟೆಯಲ್ಲಿ ಸುಮ್ಮನೆ ಕಲಸುತ್ತ ಕೂತಿರುತ್ತಿದ್ದ.

ಡಾಕ್ಟರು ಮೊದಲೇ ಹೇಳಿದ್ದ ಜಗಳ 40ನೇ ದಿನ ಶುರುವಾಯಿತು. ಅಂಗೈ, ಅಂಗಾಲು ಕೆಂಪಾಗಿ ಉರಿ. ಎರಡು ದಿನಕ್ಕೆ ಭೇದಿ. ನನ್ನ ಕಣಗಳು ಅವನ ಮೈಯನ್ನು ಪರಕೀಯ ಅಂತ ತಿಳಿದು ಹೊಡೆಯುತ್ತಿವೆ ಅಂದರು. ಕೇಳಿ ಬಹಳ ಸಂಕಟವಾಯಿತು, ನಾನೇ ಹೊಡೆದ ಹಾಗೆ. ಮತ್ತೆ ಹನ್ನೆರಡು ದಿನ ಆಸ್ಪತ್ರೆ. ಸ್ಟೀರಾಯ್ಡ್ ಕೊಟ್ಟರು, ಶುಗರ್ ಏರಿತು, ಮುಖ ಊದಿತು. ಅದು ಇಳಿಯುವಷ್ಟರಲ್ಲಿ ಸಿಎಂವಿ ಅನ್ನುವ ವೈರಸ್ ಎದ್ದಿತು. ಮೈಯೊಳಗೆ ಮೊದಲಿನಿಂದಲೂ ಮಲಗಿರುವ ವೈರಸ್ಸಂತೆ. ಅದರ ಮಾತ್ರೆ ದುಬಾರಿ. ಅಂಗೈ ಬಣ್ಣ ಬದಲಾದರೆ, ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಭೇದಿಯಾದರೆ, ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಸಣ್ಣದೊಂದು ಎಚ್ಚರಿಕೆ. ಹೊಸ ಕಣಗಳ ಜಗಳ ತಡೆಯಲು ಕೊಡುವ ಸೈಕ್ಲೋಸ್ಪೋರಿನ್ ಮಾತ್ರೆಯ ಮಟ್ಟ ನೋಡಲು ರಕ್ತ ಕೊಡುವ ದಿನ, ಬೆಳಗಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಿ. ನಾವು ಮೊದಲ ಸಲ ಮನೆಯಲ್ಲೇ ನುಂಗಿಸಿ ಕಳಿಸಿದೆವು. ಲೆಕ್ಕ ತಪ್ಪಿ, ಇನ್ನೊಂದು ಸಲ ಪರೀಕ್ಷೆ, ಇನ್ನೊಂದು ಸಲ ದುಡ್ಡು.

ಮೇ 1ಕ್ಕೆ ನೂರನೇ ದಿನ. ಅವನ ರಕ್ತದಲ್ಲಿ ಯಾರ ಕಣ ಎಷ್ಟು ಅಂತ ನೋಡುವ ಪರೀಕ್ಷೆ ಮಾಡಿದರು. ದಾನಿ ಹೆಣ್ಣು, ರೋಗಿ ಗಂಡು ಆದ್ದರಿಂದ ಎಕ್ಸ್ಎಕ್ಸ್, ಎಕ್ಸ್‌ವೈ ಅಂತ ಎಣಿಸುತ್ತಾರೆ. ತಮ್ಮ ರಿಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಕ್ಕ, ಇದರಲ್ಲಿ ನಾನೇ ಇಲ್ಲ. ಪೂರ್ತಿ ನೀನೇ." ಅವನದು ಬಿ ಪಾಸಿಟಿವ್ ಇತ್ತು. ಈಗ ನನ್ನ ಹಾಗೆ ಓ ಪಾಸಿಟಿವ್. ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೂ ಬಿ ಅಂತಲೇ ಇದೆ, ತಿದ್ದಿಸಬೇಕು. ಪರ್ಸಿನಲ್ಲಿ ಟ್ರಾನ್ಸ್‌ಪ್ಲಾಂಟ್ ಆದ ಚೀಟಿ ಇಟ್ಟುಕೊಳ್ಳಲು ಹೇಳಿದ್ದಾರೆ.

ಜೂನ್‌ನಲ್ಲಿ ಸಾಗರಕ್ಕೆ ಬಂದ. ತೋಟಕ್ಕೆ ಇಳಿಯುವಂತಿಲ್ಲ, ಮಣ್ಣು ಮುಟ್ಟುವಂತಿಲ್ಲ, ಜಗಲಿಯಲ್ಲಿ ಮಾಸ್ಕ್ ಹಾಕಿಕೊಂಡು ಕೂತು ಆಳುಗಳಿಗೆ ಕೂಗಿ ಹೇಳುತ್ತಾನೆ. ಬಾಲ್ಯದಲ್ಲಿ ಹಾಕಿದ್ದ ಲಸಿಕೆಗಳ ನೆನಪು ಹಳೇ ಮಜ್ಜೆಯ ಜೊತೆಗೇ ಹೋಗಿರುತ್ತದಂತೆ, ಅವನಿಗೆ ಮತ್ತೆ ಮೊದಲಿನಿಂದ ಲಸಿಕೆ. ಹೊಸ ಲಸಿಕೆ ಕಾರ್ಡನ್ನು ಮಗಳ ಕಾರ್ಡಿನ ಪಕ್ಕ ಫ್ರಿಜ್ಜಿಗೆ ಅಂಟಿಸಿದ್ದಾರೆ. "ಅಪ್ಪಂಗೂ ಸೂಜಿ" ಅಂತ ಅವಳು ಬಂದವರಿಗೆಲ್ಲ ತೋರಿಸುತ್ತಾಳೆ. ಮನೆಯ ಮೊಸರು ಬಿಸಿ ಅನ್ನದ ಜೊತೆ ಎರಡು ಚಮಚ ತಿನ್ನಬಹುದು ಅಂತ ಜುಲೈ ತಪಾಸಣೆಯಲ್ಲಿ ಹೇಳಿದರು. ಅವನು ಅಳತೆ ಚಮಚ ಬಿಟ್ಟು ಸಾರಿನ ಸೌಟು ಹುಡುಕುತ್ತಿದ್ದ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. ಅಡಿಕೆ ರೇಟು, ಅಮ್ಮನ ಮಂಡಿ ನೋವು ಎಲ್ಲ ಆಯಿತು. ಆಮೇಲೆ ಕೇಳಿದ, "ಆ ಹೊಸ ವಂಶವೃಕ್ಷದ ಒರಿಜಿನಲ್ ಎಲ್ಲಿದೆ?"

"ಆಸ್ಪತ್ರೆ ಫೈಲಿನಲ್ಲಿ. ನನ್ನ ಹತ್ರ."

"ನಿನ್ನ ಹತ್ರನೇ ಇರಲಿ" ಅಂದ.

ಮುಂದಿನ ತಪಾಸಣೆ ಸೆಪ್ಟೆಂಬರ್ 9ಕ್ಕೆ. ಟಿಕೆಟ್ ಆಗಿದೆ, ಈ ಸಲ ರಿಯಾಯಿತಿಯಲ್ಲಿ.